ಮಣ್ಣಿಗಿಟ್ಟ ಮೇಣ

“ರಕ್ತದಲ್ಲಿ ಸಿಗಲಿಲ್ಲ ಯಜಮಾನ್ರೇ,” ಅಂದರು ಡಾಕ್ಟರ್ ಹರೀಶ. “ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ರಕ್ತಕ್ಕೆ ಅಷ್ಟು ಉದುರಿಲ್ಲ, ಅಷ್ಟೆ. ಇನ್ನು ಗಡ್ಡೆಯಲ್ಲೇ ನೋಡಬೇಕು.”

ದಾವಣಗೆರೆಯ ಪಿ.ಜೆ. ಬಡಾವಣೆಯ ಈ ಕ್ಲಿನಿಕ್ಕಿನಲ್ಲಿ ಬಕ್ಕೇಶಪ್ಪ ಎರಡು ವರ್ಷದಿಂದ ಕೂತು ಎದ್ದು ಕೂತು ಎದ್ದು, ಕುರ್ಚಿಯ ರೆಕ್ಸಿನ್ ಎಲ್ಲಿ ಹರಿದಿದೆ ಎಂಬುದು ಅವನ ಬೆರಳಿಗೇ ಗೊತ್ತಿತ್ತು. ಪಕ್ಕದಲ್ಲಿ ಸೊಸೆ ರೂಪಶ್ರೀ ಫೈಲು ಹಿಡಿದು ಕೂತಿದ್ದಳು. ಹೆಂಡತಿ ಬಸವಣ್ಣೆಮ್ಮ ಹೊರಗೆ ಬೆಂಚಿನ ಮೇಲೆ ಒರಗಿದ್ದಳು. ಕೂರಲು ಬೆನ್ನು ಬಿಡುತ್ತಿರಲಿಲ್ಲ. ಬಲಗಡೆಯ ಶ್ವಾಸಕೋಶದಿಂದ ಕತ್ತರಿಸಿ ತೆಗೆದ ಕ್ಯಾನ್ಸರು ಈಗ ಎಡಗಡೆಗೂ ಬೆನ್ನುಮೂಳೆಗೂ ಬಂದು ಕೂತಿತ್ತು.

“ಗಡ್ಡೆಯಲ್ಲಿ ಏನ್ ನೋಡ್ತೀರಿ ಸರ್?” ಎಂದಳು ರೂಪಶ್ರೀ.

“ಜೀನು. ಒಂದು ಗಡ್ಡೆಯೊಳಗೆ ನೂರಾರು ಜೀನು ಕೆಟ್ಟಿರ್ತಾವೆ. ಬಸ್ಸಿನ ತುಂಬ ಜನ ಕೂತಂಗೆ. ಅವ್ರನ್ನೆಲ್ಲ ಇಳಿಸಿದ್ರೂ ಬಸ್ಸು ನಿಲ್ಲಲ್ಲ. ಸ್ಟೇರಿಂಗ್ ಹಿಡಿದೋನು ಒಬ್ಬನೋ ಇಬ್ಬರೋ ಇರ್ತಾರೆ. ಅವನು ಯಾರು ಅಂತ ಗೊತ್ತಾದ್ರೆ ಅವನ ಕೈ ಹಿಡಿಯೋ ಮಾತ್ರೆ ಇರಬಹುದು. ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲಿ ಅಂಥದ್ದು ಸಿಗೋದು ಜಾಸ್ತಿ.”

“ಸಿಗದಿದ್ರೆ?”

“ಸಿಗದಿದ್ರೆ ಕೀಮೋ. ನಿಮ್ಮತ್ತೆಯವರ ಮೈ ಅದನ್ನ ತಡೆಯುತ್ತೆ ಅಂತ ನನಗನ್ನಿಸಲ್ಲ.” ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ಬೆಳಗಿನಿಂದ ಇದೇ ಕೆಲಸ. “ಆಪರೇಶನ್ ಆದಾಗ ಆಸ್ಪತ್ರೆಯವರು ಮೇಣದ ಬ್ಲಾಕು ಕೊಟ್ಟಿರ್ತಾರಲ್ಲ, ಗಡ್ಡೆಯ ತುಂಡು ಇರೋದು. ಅದನ್ನ ತಂದುಕೊಡ್ರಿ, ಬೆಂಗಳೂರಿಗೆ ಕಳಿಸ್ತೀವಿ. ಅದಿದ್ರೆ ಇನ್ನೊಂದ್ಸಲ ಸೂಜಿ ಹಾಕೋದು ತಪ್ಪುತ್ತೆ.”

ಸೂಜಿ ಎಂದರೆ ಸಾಮಾನ್ಯ ಸೂಜಿಯಲ್ಲ. ಎರಡು ವರ್ಷದ ಹಿಂದೆ ಪಕ್ಕೆಯ ಸಂದಿಯಿಂದ ಚುಚ್ಚಿ ಶ್ವಾಸಕೋಶದ ಚೂರು ತೆಗೆದಾಗ ಗಾಳಿ ಎದೆಯೊಳಗೆ ಸೋರಿ ಒಂದು ಶ್ವಾಸಕೋಶ ಕುಗ್ಗಿಹೋಗಿತ್ತು. ಆರು ದಿನ ಎದೆಗೆ ನಳಿಗೆ ಹಾಕಿದ್ದರು. ಏಳನೆಯ ದಿನ ಬಸವಣ್ಣೆಮ್ಮ ಗಂಡನ ಕೈ ಹಿಡಿದು, “ಇನ್ನೇನಾದ್ರೂ ಮಾಡಿಸ್ರಿ, ಕೊಯ್ಸಿ ಬೇಕಾದ್ರೆ. ಆ ಸೂಜಿ ಮಾತ್ರ ಬ್ಯಾಡ,” ಎಂದು ಮಾತು ತೆಗೆದುಕೊಂಡಿದ್ದಳು.

“ಬ್ಲಾಕು ಮನೇಲೇ ಅವೆ ಅಲ್ಲಾ ಮಾವಾರೇ?” ಎಂದಳು ರೂಪಶ್ರೀ. “ನೀವೇ ಇಸ್ಕೊಂಡಿದ್ರಿ.”

“ಅವೆ,” ಅಂದ ಬಕ್ಕೇಶಪ್ಪ. “ಜೋಪಾನ ಮಾಡೀನಿ.”

ಅದು ಸುಳ್ಳಲ್ಲ. ಆದರೆ ನಿಜವೆಂದು ಹೇಳುವ ಧೈರ್ಯವೂ ಅವನಿಗಿರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಕೌಂಟರಿನಾಕೆ ಒಂದು ಸಣ್ಣ ಚೀಲ ಕೈಗಿಟ್ಟು, “ನಿಮ್ಮ ಪೇಷಂಟಿಂದು, ಜೋಪಾನ,” ಎಂದಿದ್ದಳು. ಒಳಗೆ ನಾಲ್ಕು ಬಿಳಿ ಮೇಣದ ಬಿಲ್ಲೆಗಳು. ಒಂದೊಂದೂ ಜಾಲರಿಯಂಥ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡಿತ್ತು. ಮೇಣದೊಳಗೆ ಅಡಿಕೆ ಹೋಳಿನಷ್ಟು ಕಂದು ಬಣ್ಣದ್ದೇನೋ. ಹರಿಹರದ ಬಸ್ಸಿನಲ್ಲಿ ಕೂತಾಗ ಅವನಿಗೆ ಅದು ಏನೆಂದು ಹೊಳೆಯಿತು. ಭುಜಕ್ಕೊರಗಿ ನಿದ್ದೆ ಹೋದವಳೂ ಅವಳೇ, ತೊಡೆಯ ಮೇಲಿನ ಚೀಲದಲ್ಲಿದ್ದದ್ದೂ ಅವಳೇ.

ಬಕ್ಕೇಶಪ್ಪನದು ಭತ್ತದ ದಲ್ಲಾಳಿ ಅಂಗಡಿ. ಓದಿದ್ದು ಕಡಿಮೆ, ಕೇಳಿದ್ದು ಹೆಚ್ಚು. ನಲವತ್ತು ಶ್ರಾವಣ ಮಠದ ಕಂಬಕ್ಕೊರಗಿ ಪುರಾಣ ಕೇಳಿದವನು. ರಾಗವಾಗಿ ಓದುತ್ತಿದ್ದವರು ಒಂದೊಂದು ಪದ್ಯಕ್ಕೆ ನಿಂತು ಅರ್ಥ ಹೇಳುವಾಗ ಅವನು ಕಣ್ಣು ಮುಚ್ಚಿರುತ್ತಿದ್ದ. ಲಿಂಗ ಕಟ್ಟಿದ ಮೈ ಪ್ರಸಾದದ ಮೈ, ಅದರಲ್ಲಿ ಚೆಲ್ಲುವಂಥದ್ದು ಯಾವುದೂ ಇಲ್ಲ ಎಂದು ಅಲ್ಲಿ ಕೇಳಿದ್ದು ಅವನೊಳಗೆ ಹಾಗೇ ಉಳಿದಿತ್ತು. ಅಂಥ ಮೈಯ ನಾಲ್ಕು ತುಂಡನ್ನು ಬೀರುವಿನಲ್ಲಿ ರೇಷನ್ ಕಾರ್ಡಿನ ಪಕ್ಕ ಇಡುವುದು ಹೇಗೆ? ನಾಳೆ ಅವಳನ್ನು ಮಣ್ಣು ಮಾಡುವ ದಿನ ಬಂದರೆ ಉಳಿದದ್ದು ಮಾತ್ರ ಹೋಗಿ, ಇದು ಇಲ್ಲೇ ಉಳಿಯುವುದೆ?

ಹದಿನೈದು ದಿನ ಯೋಚಿಸಿದ. ಯಾರನ್ನೂ ಕೇಳಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಹೊಳೆದಂಡೆಯ ಹೊಲಕ್ಕೆ ಹೋಗಿ, ಹಿರಿಯರ ಸಮಾಧಿಗಳಿರುವ ದಿಬ್ಬದಲ್ಲಿ, ತನ್ನ ತಾಯಿಯ ಬದಿಗೆ ಮೊಣಕಾಲುದ್ದ ಗುಂಡಿ ತೋಡಿದ. ಮಣ್ಣಿನ ಕುಡಿಕೆಯಲ್ಲಿ ಉಪ್ಪು, ಮೇಲೆ ವಿಭೂತಿ, ಅದರ ಮೇಲೆ ಮೇಣದ ಬಿಲ್ಲೆಗಳು, ಪತ್ರೆ. ಕ್ರಮದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಅವಳ ಮೈಯ ಜೊತೆ ಪ್ಲಾಸ್ಟಿಕ್ಕು ಮಣ್ಣಿಗೆ ಹೋಗಬಾರದೆಂದು ಚೌಕಟ್ಟುಗಳನ್ನು ಚಾಕುವಿನಿಂದ ಮೆಲ್ಲಗೆ ಬಿಡಿಸಿ ತೆಗೆದಿದ್ದ. ಅವು ಮರುದಿನ ಕಸದ ಗಾಡಿಗೆ ಹೋದವು.

*

ಡಾಕ್ಟರು ಕೇಳಿದ ಮರುದಿನ ಬೆಳಿಗ್ಗೆ ಬಕ್ಕೇಶಪ್ಪ ಗುದ್ದಲಿ ಹಿಡಿದು ದಿಬ್ಬದ ಮೇಲೆ ನಿಂತಿದ್ದ. ಗುಂಡಿ ಎಲ್ಲಿ ಎಂಬುದು ನೆನಪಿತ್ತು. ಆದರೆ ಹತ್ತು ಏಟು ಹಾಕುವಷ್ಟರಲ್ಲಿ ಏದುಸಿರು ಬಂತು. ಹೊಲವನ್ನು ಗುತ್ತಿಗೆಗೆ ಮಾಡುತ್ತಿದ್ದ ಹಾಲೇಶಪ್ಪ ಗದ್ದೆಯ ಬದುವಿನ ಮೇಲಿಂದ ಇದನ್ನೆಲ್ಲ ನೋಡಿ ಹತ್ತಿರ ಬಂದ.

“ಏನ್ ಸಾವ್ಕಾರ್ರೇ, ನಿಧಿ ಗಿಧಿ ಏನಾರ ಐತೇನು? ಅರ್ಧ ನಂದು ನೋಡ್ರಿ ಮತ್ತೆ. ಗುತ್ತಿಗೆದಾರ ನಾನು.”

“ನಿಧಿನೇ ಐತೆ,” ಅಂದ ಬಕ್ಕೇಶಪ್ಪ. “ಅರ್ಧ ಬ್ಯಾಡ ನಿಂಗೆ.”

ಅವನ ಮುಖ ನೋಡಿ ಹಾಲೇಶಪ್ಪ ನಗು ನಿಲ್ಲಿಸಿದ. ಗುದ್ದಲಿ ಇಸಿದುಕೊಂಡು ತಾನೇ ಅಗೆದ. ಮಣ್ಣು ಹಸಿಯಾಗಿತ್ತು. ಎರಡು ಮಳೆಗಾಲದ ನೀರು ಕುಡಿದ ಮಣ್ಣು. ಕುಡಿಕೆ ಸಿಕ್ಕಿತು, ಬಾಯಿ ಒಡೆದಿತ್ತು. ಉಪ್ಪು ಕರಗಿ ಹೋಗಿತ್ತು. ವಿಭೂತಿ ಬೂದಿಗೆಸರಾಗಿತ್ತು. ಆ ಕೆಸರಿನಲ್ಲಿ ಬೆರಳಾಡಿಸಿದರೆ ಮೇಣದ ಬಿಲ್ಲೆಗಳು ಒಂದು, ಎರಡು, ಮೂರು ಇಡಿಯಾಗಿ ಸಿಕ್ಕವು. ನಾಲ್ಕನೆಯದು ಚೂರಾಗಿತ್ತು.

“ಏನ್ರಿ ಇದು?”

“ನಮ್ಮ ಮನೆಯಾಕೆ,” ಅಂದ ಬಕ್ಕೇಶಪ್ಪ.

ಹಾಲೇಶಪ್ಪ ಕಾಲುವೆಯಿಂದ ಚೊಂಬಿನಲ್ಲಿ ನೀರು ತಂದು ಕೈ ಮೇಲೆ ಹಾಕಿದ.

ಅಲ್ಲಿಂದ ಸೀದಾ ದಾವಣಗೆರೆ. ಕ್ಲಿನಿಕ್ಕಿನವರು ತೋರಿಸಿದ ಲ್ಯಾಬಿನಲ್ಲಿ ನೇತ್ರಾವತಿ ಎಂಬಾಕೆ ಈ ತುಂಡುಗಳನ್ನು ನೋಡಿಕೊಳ್ಳುವವಳು. ನಲವತ್ತರ ಹತ್ತಿರದ ಹೆಣ್ಣುಮಗಳು, ಬೆರಳ ತುದಿಗೆಲ್ಲ ಮಾಸದ ನೇರಳೆ ಬಣ್ಣ ಹತ್ತಿತ್ತು. ಬಕ್ಕೇಶಪ್ಪ ಕರವಸ್ತ್ರ ಬಿಚ್ಚಿದ. ಆಕೆ ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದಳು.

“ಮೇಣ ಗಟ್ಟಿಮುಟ್ಟಾಗೇ ಐತೆ. ಎಲ್ಲಿಟ್ಟಿದ್ರಿ ಅಜ್ಜಾರೇ, ಇಷ್ಟು ಮಣ್ಣು ಹತ್ತೈತೆ?”

ಅವನು ಹೇಳಿದ. ಇದನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿದ್ದು ಗುರುತಿಲ್ಲದ ಈ ಹೆಂಗಸಿಗೆ. ನೇತ್ರಾವತಿ ನಗಲಿಲ್ಲ.

“ಒಳಗಿನ ತುಂಡು ಕೆಟ್ಟಿರಾಕಿಲ್ಲ ಅನ್ಸುತ್ತೆ. ಅದಲ್ಲ ಕಷ್ಟ. ಇದರ ಪ್ಲಾಸ್ಟಿಕ್ಕೆಲ್ಲಿ?”

“ತೆಗೆದೆ. ಮಣ್ಣಿಗೆ ಹೋಗಬಾರದು ಅಂತ.”

ಆಕೆ ಬಿಲ್ಲೆಯನ್ನು ಕರವಸ್ತ್ರದ ಮೇಲೆ ವಾಪಸಿಟ್ಟಳು.

“ನಂಬರು ಅದರ ಮೇಲೆ ಇರ್ತಿತ್ತು ಅಜ್ಜಾರೇ. ನಾಲ್ಕರಲ್ಲಿ ಯಾವುದು ಗಡ್ಡೆ, ಯಾವುದು ಕೊಯ್ದ ಅಂಚು, ಯಾವುದು ಪಕ್ಕದ ಗ್ರಂಥಿ ಅಂತ ಮತ್ತೆ ನೋಡಿ ಹೇಳಬಹುದು. ಯಾರದು ಅಂತ ಹೆಂಗೆ ಹೇಳಾಣ?”

“ನನ್ನ ಹೆಂಡ್ತಿದು.”

“ನಿಮ್ಗೆ ಗೊತ್ತು. ನಾನೇನಂತ ಬರೀಲಿ?”

ಬಕ್ಕೇಶಪ್ಪ ಅಂಗಿಯೊಳಗೆ ಕೈಹಾಕಿ ಕೊರಳಿನ ಕರಡಿಗೆ ಹಿಡಿದ. “ಲಿಂಗ ಮುಟ್ಟಿ ಹೇಳ್ತೀನಿ ತಾಯಿ. ಇಟ್ಟೋನೂ ನಾನೇ, ತೆಗೆದೋನೂ ನಾನೇ. ನಡುವೆ ಯಾರೂ ಮುಟ್ಟಿಲ್ಲ.”

ಮಲೆಬೆನ್ನೂರಿನ ರೈತರು ಈ ಮನುಷ್ಯನ ಬಾಯಿಮಾತಿನ ಮೇಲೆ ಭತ್ತದ ಲಾರಿ ಕಳಿಸುತ್ತಿದ್ದರು. ಕರಡಿಗೆ ಮುಟ್ಟುವವರೆಗೆ ಅವನನ್ನು ಯಾರೂ ತಂದಿರಲಿಲ್ಲ. ನೇತ್ರಾವತಿ ಎದ್ದು ನಿಂತು, “ಕೈ ತೆಗೀರಿ ಅಜ್ಜಾರೇ, ದಮ್ಮಯ್ಯ,” ಎಂದಳು. ಆಮೇಲೆ, “ಬರ್ರಿ ಇಲ್ಲಿ,” ಎಂದು ಒಳಕೋಣೆಗೆ ಕರೆದೊಯ್ದಳು.

ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು, ಸಣ್ಣ ಸಣ್ಣ ಎಳೆಯುವ ಡಬ್ಬಿಗಳು. ಒಂದನ್ನು ಎಳೆದಳು. ಸಾಲುಸಾಲಾಗಿ ಬಿಲ್ಲೆಗಳು, ಮೇಣ ಒಳಗೆ, ನಂಬರು ಮೇಲೆ.

“ಹೊನ್ನಾಳಿಯವರು ಅದಾರೆ, ಜಗಳೂರಿನವರು ಅದಾರೆ. ಬದುಕಿರೋರು, ಹೋದೋರು. ಎಲ್ಲಾರೂ ಒಂದೇ ಥರ ಕಾಣ್ತಾರೆ ನೋಡ್ರಿ. ಒಬ್ಬರ ತುಂಡು ಇನ್ನೊಬ್ಬರ ಹೆಸರಿಗೆ ಹೋದ್ರೆ, ಬೇರೆ ಯಾರದೋ ಜೀನು ನೋಡಿ ನಿಮ್ಮ ಮನೆಯವ್ರಿಗೆ ಮಾತ್ರೆ ಕೊಟ್ಟಂಗಾಗುತ್ತೆ. ನೀವು ಸುಳ್ಳು ಹೇಳಲ್ಲ, ನಂಗೊತ್ತು. ಆದ್ರೂ ನಂಬರಿಲ್ಲದ್ದನ್ನ ಬೆಂಗಳೂರಿನೋರು ಇಸ್ಕೊಳ್ಳಲ್ಲ. ಇಸ್ಕೊಳ್ಳಲೂಬಾರದು.”

ಬಕ್ಕೇಶಪ್ಪ ಆ ಡಬ್ಬಿಯನ್ನು ಬಹಳ ಹೊತ್ತು ನೋಡಿದ. ಇಷ್ಟು ಜನರನ್ನು ಇಲ್ಲಿ ಬಿಟ್ಟು ಅವರ ಮನೆಯವರು ಊಟ ಮಾಡುತ್ತಿದ್ದಾರೆ, ನಿದ್ದೆ ಮಾಡುತ್ತಿದ್ದಾರೆ. ತನಗೊಬ್ಬನಿಗೆ ಯಾಕೆ ಆಗಲಿಲ್ಲ?

“ಇನ್ನೇನು ದಾರಿ?”

“ಹೊಸ ತುಂಡು,” ಅಂದಳು ನೇತ್ರಾವತಿ. ಸೂಜಿ ಎನ್ನುವ ಮಾತು ಅವಳು ಆಡಲಿಲ್ಲ.

*

ಹರಿಹರದ ಮನೆಯಲ್ಲಿ ಮಧ್ಯಾಹ್ನ ಬಸವಣ್ಣೆಮ್ಮ ಮಂಚದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದಳು. ಟೀಚರಾಗಿದ್ದ ರೂಪಶ್ರೀ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಬಕ್ಕೇಶಪ್ಪ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮತ್ತೊಮ್ಮೆ ತೊಳೆದು, ಬಂದು ನಿಂತ.

“ಏನಾತು? ಕೊಟ್ರೇನು?”

“ಇಸ್ಕೊಳ್ಳಲಿಲ್ಲ.”

“ಯಾಕ?”

ಅವನು ನೆಲಕ್ಕೆ ಕೂತು, ಮಂಚದ ಕಾಲಿಗೆ ಬೆನ್ನು ಕೊಟ್ಟು, ಅವಳ ಮುಖ ನೋಡದೆ ಎಲ್ಲವನ್ನೂ ಹೇಳಿದ. ಬಸ್ಸು, ಚೀಲ, ಕುಡಿಕೆ, ಉಪ್ಪು, ಪ್ಲಾಸ್ಟಿಕ್ಕು.

“ಅಂದ್ರೆ,” ಎಂದಳು ಬಸವಣ್ಣೆಮ್ಮ, “ನಾನಿಲ್ಲಿ ಉಸಿರಾಡ್ತಾ ಇರಬೇಕಾದ್ರೇನೇ ಮಣ್ಣು ಮಾಡಿ ಬಂದ್ರಿ.”

“ಹಂಗಲ್ಲ...”

“ಅಷ್ಟೇನ್ರಿ ಅವಸರ ಇತ್ತು ನಿಮ್ಗೆ?”

“ಅವಸರ ಅಲ್ಲ. ಏನೂ ಹಿಂದೆ ಉಳೀಬಾರದು ಅಂತ.”

“ಎಲ್ಲಿಟ್ಟಿದ್ರಿ?”

“ದಿಬ್ಬದ ಮೇಲೆ. ಅವ್ವನ ಪಕ್ಕ.”

ಬಸವಣ್ಣೆಮ್ಮ ದಿಂಬಿನಿಂದ ತಲೆ ಎತ್ತಿದಳು. “ನಿಮ್ಮವ್ವನ ಪಕ್ಕ?”

“ಹೂಂ.”

“ಇಪ್ಪತ್ತೆಂಟು ವರ್ಷ ಆಯಮ್ಮನ ಪಕ್ಕ ಒಲೆ ಹಚ್ಚಿ ನನ್ನ ಜೀವ ಸವೆದಿತ್ತು. ಸಾಕಾಗ್ಲಿಲ್ಲ ಅಂತ ಇನ್ನೆರಡು ವರ್ಷ ಅಲ್ಲೇ ಮಲಗಿಸಿದ್ರಾ? ಏನ್ ಮನುಷ್ಯರ್ರಿ ನೀವು!”

ನಗು ಬಂತು ಅವಳಿಗೆ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಬಕ್ಕೇಶಪ್ಪ ಎದ್ದು ಬೆನ್ನು ಸವರಿದ. ಟವೆಲಿನಲ್ಲಿ ತೆಳ್ಳಗೆ ಕೆಂಪು ಕಂಡಿತು. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಮಡಚಿದರು.

“ಎಲ್ಲಿ, ತೋರಿಸ್ರಿ,” ಎಂದಳು ಸುಧಾರಿಸಿಕೊಂಡು. ಕರವಸ್ತ್ರ ಬಿಚ್ಚಿದ. ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ನೋಡುವವಳಂತೆ ಹೆಬ್ಬೆರಳಿನಿಂದ ಹೊರಳಿಸಿದಳು. “ಇಷ್ಟೇನಾ? ಇಷ್ಟಕ್ಕೆ ನಾನು ಇಷ್ಟು ಸಾಯಬೇಕಾ?” ವಾಪಸು ಕೊಟ್ಟಳು. “ಮತ್ತೆ ಇಟ್ಟು ಬರ್ರಿ. ನಿಮ್ಮವ್ವನ ಪಕ್ಕ ಬ್ಯಾಡ, ಈ ಕಡೆ ತೆಂಗಿನಮರದ ಬುಡಕ್ಕೆ.”

ಸೂಜಿಯ ಮಾತನ್ನು ಅವಳು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಎತ್ತುವ ಹಕ್ಕು ತನಗಿಲ್ಲ ಎಂದು ಅವನಿಗನ್ನಿಸಿತ್ತು.

ಒಂಬತ್ತು ದಿನ ಹಾಗೇ ಕಳೆಯಿತು. ರೂಪಶ್ರೀಗೆ ವಿಷಯ ಗೊತ್ತಾಗಿ ಒಂದು ಸಂಜೆ ಪೂರ್ತಿ ಮಾತಾಡಲಿಲ್ಲ. ಆಮೇಲೆ, “ನನ್ಗೊಂದು ಮಾತು ಹೇಳಿದ್ರೆ ಪ್ಲಾಸ್ಟಿಕ್ಕಾದ್ರೂ ತೆಗೆದಿಡ್ತಿದ್ದೆ ಮಾವಾರೇ,” ಎಂದಷ್ಟೇ ಅಂದಳು. ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಬಕ್ಕೇಶಪ್ಪ ಅಂಗಡಿಗೆ ಹೋಗುವುದನ್ನು ಬಿಟ್ಟ. ಬೆಳಗಿನ ಪೂಜೆ ಉದ್ದವಾಯಿತು, ಊಟ ಚಿಕ್ಕದಾಯಿತು. ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಮೊದಲಿನಂತೆ ಮನಸ್ಸು ನಿಲ್ಲುತ್ತಿರಲಿಲ್ಲ. ಸಾಲುಸಾಲು ಡಬ್ಬಿಗಳು ಕಣ್ಣಿಗೆ ಬರುತ್ತಿದ್ದವು.

ಬಸವಣ್ಣೆಮ್ಮನ ಬೆನ್ನು ದಿನಕ್ಕೊಂದು ಗೆಣ್ಣು ಹಿಡಿಯುತ್ತ ಹೋಯಿತು. ಮಲಗಿದರೆ ಏಳಲಾಗದು, ಎದ್ದರೆ ಕೂರಲಾಗದು. ಹತ್ತನೆಯ ದಿನ ಬೆಳಿಗ್ಗೆ ಗಂಡ ಅರ್ಧ ರೊಟ್ಟಿ ಮುರಿದು ತಟ್ಟೆ ಸರಿಸಿದ್ದನ್ನು ನೋಡಿದಳು.

“ಯಾಕ, ರೊಟ್ಟಿ ಗಟ್ಟಿ ಐತಾ?”

“ಹಸಿವಿಲ್ಲ.”

“ನೀವು ಊಟ ಬಿಟ್ರೆ ನನ್ನ ಬೆನ್ನು ನೆಟ್ಟಗಾಗುತ್ತೇನು?”

ಅವನು ತಟ್ಟೆಯನ್ನು ಇನ್ನಷ್ಟು ಸರಿಸಿದ.

“ರೂಪಾ,” ಎಂದು ಕೂಗಿದಳು. “ಆ ಡಾಕ್ಟ್ರಿಗೆ ಫೋನ್ ಹಚ್ಚವ್ವಾ. ಚುಚ್ಚಲಿ.”

“ಅತ್ತೇ...”

“ನಿಮ್ಮ ಮಾವನ ಮುಖ ನೋಡಿ ನೋಡಿ ಸಾಕಾಗೈತೆ. ಇದಕ್ಕಿಂತ ಸೂಜಿನೇ ವಾಸಿ.”

ಬಕ್ಕೇಶಪ್ಪ ಎದ್ದು ಮಂಚದ ಹತ್ತಿರ ಬಂದ. “ನನ್ ಸಲುವಾಗಿ ಬ್ಯಾಡ ಬಸವಣ್ಣೆಮ್ಮಾ.”

“ನಿಮ್ ಸಲುವಾಗಿ ಯಾರ್ ಹೇಳಿದ್ರು?” ಅವಳು ಕಣ್ಣು ಮುಚ್ಚಿದಳು. “ಯಾವನೋ ಒಳಗೆ ಕೂತು ಬಸ್ಸು ಓಡಿಸ್ತಾನೆ ಅಂದ್ರಂತಲ್ಲ ಡಾಕ್ಟ್ರು. ಎಲ್ಲಿಗೆ ಒಯ್ತಾನೆ ಅಂತೂ ಗೊತ್ತಿಲ್ಲ, ಯಾರಂತಾದ್ರೂ ಗೊತ್ತಾಗಲಿ. ಸುಮ್ಮನೆ ಹಿಂದೆ ಕೂತು ಕೂತು ದಣಿದೀನಿ.”

*

ಸೂಜಿ ಹಾಕಿದ ದಿನ ಬಕ್ಕೇಶಪ್ಪನನ್ನು ಒಳಗೆ ಬಿಡಲಿಲ್ಲ. ಬಾಗಿಲಾಚೆ ಯಂತ್ರವೊಂದು ಗುಂಯ್‌ಗುಡುತ್ತಿತ್ತು. ನಡುವೆ ಒಮ್ಮೆ “ಉಸಿರು ಹಿಡೀರಿ ಅಮ್ಮಾ... ಹಿಡೀರಿ... ಬಿಡ್ರಿ,” ಎಂದು ಕೇಳಿತು. ಹಿಡಿ ಎಂದಾಗ ಅವನೂ ಹಿಡಿದ, ಬಿಡು ಎಂದಾಗ ಬಿಟ್ಟ. ಜಪಕ್ಕೆಂದು ಬಾಯಿ ತೆರೆದರೆ ಏನೂ ಬರಲಿಲ್ಲ. ನಲವತ್ತು ವರ್ಷ ಕೇಳಿದ್ದರಲ್ಲಿ ಒಂದು ಸಾಲೂ ಒದಗಲಿಲ್ಲ.

ಅರ್ಧಗಂಟೆಯ ಮೇಲೆ ನೇತ್ರಾವತಿ ಹೊರಬಂದಳು. ಕೈಯಲ್ಲಿ ಬೆರಳುದ್ದದ ಬಾಟಲಿ, ಒಳಗಿನ ನೀರಿನಲ್ಲಿ ಶಾವಿಗೆಯ ಎಳೆಯಂತೆ ಬಿಳಿಚಿದ ನಾಲ್ಕು ಚೂರು.

“ಹೆಸರು ಓದಿ ಹೇಳ್ರಿ ಅಜ್ಜಾರೇ. ನಾನು ಓದಿದ್ರೆ ಸಾಲದು.”

ಬಕ್ಕೇಶಪ್ಪ ಕನ್ನಡಕ ಏರಿಸಿ, ಚೀಟಿಯ ಮೇಲಿದ್ದುದನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿದ. ಬಸವಣ್ಣೆಮ್ಮ, ಗಂಡ ಬಕ್ಕೇಶಪ್ಪ, ಅರವತ್ತೆರಡು, ಹೆಣ್ಣು, ಹರಿಹರ. ಕೆಳಗೆ ನಂಬರು. ನಂಬರನ್ನೂ ಓದಿದ.

“ಸರಿ ಐತಾ?”

“ಸರಿ ಐತೆ.”

ಈ ಸಲ ಗಾಳಿ ಸೋರಲಿಲ್ಲ. ನಾಲ್ಕು ಗಂಟೆ ಮಲಗಿಸಿ, ಎರಡು ಸಲ ಎಕ್ಸ್‌ರೇ ತೆಗೆದು ಬಿಟ್ಟರು. ಬಸವಣ್ಣೆಮ್ಮ ಹೊರಬಂದಾಗ ಮುಖ ಸುಣ್ಣದಂತಿತ್ತು. ಕೆಳತುಟಿಯಲ್ಲಿ ಹಲ್ಲಿನ ಗುರುತಿತ್ತು. “ಆತು,” ಎಂದಳು.

ಇಪ್ಪತ್ತಮೂರು ದಿನ ಕಾದರು. ನೋವಿನ ಮಾತ್ರೆ ಎರಡಿದ್ದದ್ದು ನಾಲ್ಕಾಯಿತು. ಫೋನು ಬಂದಾಗಲೆಲ್ಲ ರೂಪಶ್ರೀ ಒದ್ದೆ ಕೈಯಲ್ಲೇ ಎತ್ತುತ್ತಿದ್ದಳು. ಕೊನೆಗೊಂದು ಶುಕ್ರವಾರ ಡಾಕ್ಟರು ಕರೆದರು. ಬಾಡಿಗೆ ಕಾರಿನಲ್ಲಿ ಬಸವಣ್ಣೆಮ್ಮನನ್ನೂ ಕರೆದುಕೊಂಡು ಹೋದರು. ಈ ಸಲ ಅವಳು ಬೆಂಚಿನ ಮೇಲೆ ಮಲಗಲು ಒಪ್ಪಲಿಲ್ಲ. “ನಂದೇ ಮಾತು, ನನ್ನೆದುರಿಗೇ ಆಡ್ಲಿ,” ಎಂದು ಒಳಗೆ ಬಂದು, ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು.

ವರದಿ ಹನ್ನೊಂದು ಹಾಳೆ. ಡಾಕ್ಟರು ಮೂರನೆಯ ಹಾಳೆಗೆ ಬೆರಳಿಟ್ಟರು.

“ಕೆಟ್ಟಿರೋವು ಬೇಕಾದಷ್ಟು ಅವೆ. ಇವೆಲ್ಲ ಸುಮ್ಮನೆ ಕೂತೋವು. ಇದು ನೋಡ್ರಿ, ಇ.ಜಿ.ಎಫ್.ಆರ್. ಅನ್ನೋ ಜೀನು. ಇದೇ ಓಡಿಸ್ತಿರೋದು.”

“ಮಾತ್ರೆ ಐತಾ ಸರ್?” ಎಂದಳು ರೂಪಶ್ರೀ.

“ಐತೆ. ದಿನಕ್ಕೊಂದು. ಕೀಮೋ ಈಗ ಬೇಕಿಲ್ಲ. ಬೆನ್ನಿನ ನೋವು ಎರಡು ಮೂರು ವಾರದಲ್ಲಿ ಇಳಿಯಬೇಕು.”

ರೂಪಶ್ರೀ ಅತ್ತಳು. ಬಕ್ಕೇಶಪ್ಪ ಮೇಜಿನ ಅಂಚು ಹಿಡಿದುಕೊಂಡ. ಬಸವಣ್ಣೆಮ್ಮ ಒಬ್ಬಳೇ ಡಾಕ್ಟರ ಮುಖವನ್ನು ನೋಡುತ್ತಿದ್ದಳು. ದಲ್ಲಾಳಿಯ ಹೆಂಡತಿ, ಎದುರಿನವರು ಇನ್ನೂ ಏನನ್ನೋ ಹೇಳದೆ ಉಳಿಸಿಕೊಂಡಿದ್ದಾರೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು.

“ಹೋಗಿಬಿಡುತ್ತಾ ಡಾಕ್ಟ್ರೇ?”

“ಹೋಗಲ್ಲಮ್ಮ. ನಿಲ್ಲುತ್ತೆ.”

“ಎಷ್ಟು ದಿನ?”

“ಒಂದೂವರೆ ವರ್ಷ ಅಂತ ಲೆಕ್ಕ. ಕೆಲವರಿಗೆ ಇನ್ನೂ ಜಾಸ್ತಿ, ಕೆಲವರಿಗೆ ಕಡಿಮೆ. ಆಮೇಲೆ ಅದು ಮಾತ್ರೆ ತಪ್ಪಿಸಿಕೊಂಡು ಹೋಗೋಕೆ ಕಲಿಯುತ್ತೆ. ಆವಾಗ ಹೊಸದಾಗಿ ಯಾವುದು ಕೆಟ್ಟೈತೆ ಅಂತ ನೋಡಬೇಕಾಗುತ್ತೆ.”

“ಹೆಂಗೆ ನೋಡ್ತೀರಿ?”

ಡಾಕ್ಟರು ತಡೆದರು. “ಮೊದಲು ರಕ್ತದಲ್ಲಿ. ಸಿಗದಿದ್ರೆ...”

“ಸೂಜಿ.”

“ಹೌದಮ್ಮ.”

ಬಕ್ಕೇಶಪ್ಪನಿಗೆ ಹೆಂಡತಿಯ ಕಡೆ ತಿರುಗಲಾಗಲಿಲ್ಲ. ಅವಳು ಕುರ್ಚಿಯ ಬೆನ್ನನ್ನು ಬಿಟ್ಟು, ಸುತ್ತಿ ಬಂದು, ಮೆಲ್ಲಗೆ, ನೋವಿಗೆ ಜಾಗ ಬಿಡುತ್ತ ಅದರ ಮೇಲೆ ಕೂತಳು.

“ಅಲ್ಲೀತನ ಯಾರೂ ನನ್ನ ಮುಟ್ಟಂಗಿಲ್ಲ, ಹೌದಲ್ರೀ?”

“ಯಾರೂ ಮುಟ್ಟಲ್ಲಮ್ಮ.”

“ಅಷ್ಟಿದ್ರೆ ಸಾಕು ತಗಳ್ರಿ,” ಎಂದಳು.

ರೂಪಶ್ರೀ ಮಾತ್ರೆ ತರಲು ದಾವಣಗೆರೆಯಲ್ಲೇ ಉಳಿದಳು. ಉಳಿದ ಇಬ್ಬರು ಅದೇ ಕಾರಿನಲ್ಲಿ ಹೊರಟರು. ಡಿಕ್ಕಿಯಲ್ಲಿದ್ದ ದಿಂಬನ್ನೂ ತಂದು ಬಕ್ಕೇಶಪ್ಪ ಅವಳ ಬೆನ್ನಿಗಿಟ್ಟ. ದಾರಿಯಲ್ಲಿ ಬಾತಿ ಊರು ದಾಟುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಅವಳು ಹೀಗೆ ಕೂತಲ್ಲೇ ನಿದ್ದೆ ಮಾಡಿದ್ದನ್ನು ತಿಂಗಳುಗಳಿಂದ ಅವನು ಕಂಡಿರಲಿಲ್ಲ. ಹರಿಹರದ ಮನೆಯ ಮುಂದೆ ಕಾರು ನಿಂತಿತು. ಡ್ರೈವರು ಹಿಂತಿರುಗಿ ನೋಡಿ, “ಎಬ್ಬಿಸ್ರಿ ಯಜಮಾನ್ರೇ, ಬಂತು,” ಎಂದ.

“ಇರ್ಲಿ,” ಅಂದ ಬಕ್ಕೇಶಪ್ಪ, ಮೆಲ್ಲಗೆ. “ಎಂಜಿನ್ ಬಂದ್ ಮಾಡಬ್ಯಾಡ. ಸದ್ದು ನಿಂತ್ರೆ ಎಚ್ಚರಾಗ್ತಾಳೆ.”